ರಾಕ್ಷಸ ಉಂಡ ನುಚ್ಚು

ಗೆಳತಿಯ ಹೊಸ ಕಾದಂಬರಿ ಬಂದಾಗ ನನಗೆ ಹೊಟ್ಟೆಕಿಚ್ಚಾಯಿತು. ಮುಚ್ಚಿಡುವುದೇನು, ಆಗಿದ್ದು ಅದೇ. ನಾವಿಬ್ಬರೂ ಬರೆಯುವುದು ಮಾಯಾಲೋಕದ ಕಥೆಗಳನ್ನೇ. ನನ್ನ ಪುಸ್ತಕಗಳಲ್ಲಿ ಹಾರುವ ಕೋಟೆಗಳಿವೆ, ಅರಸರ ಔತಣಗಳಿವೆ. ಹುರಿದ ನವಿಲು, ದ್ರಾಕ್ಷಾರಸ, ಬಂಗಾರದ ಬಟ್ಟಲು, ಯಾವುದಕ್ಕೂ ಕೊರತೆ ಮಾಡಿಲ್ಲ. ಅವಳ ಪುಸ್ತಕದಲ್ಲಿ ಊರು ಸುಡುತ್ತ ಬಂದ ರಾಕ್ಷಸ ಒಬ್ಬ ಮುದುಕಿಯ ಮನೆಯಲ್ಲಿ ಕೂತು ಜೋಳದ ನುಚ್ಚು ಉಣ್ಣುತ್ತಾನೆ. ಅಷ್ಟೇ. ಹುಬ್ಬಳ್ಳಿಯಲ್ಲಿ ಪುಸ್ತಕ ಬಿಡುಗಡೆಯಾದಾಗ ಬಂದವರೆಲ್ಲ ಆ ನುಚ್ಚಿನ ಬಗ್ಗೆಯೇ ಮಾತಾಡಿದರು. ನಾನು ಚಪ್ಪಾಳೆ ತಟ್ಟಿದೆ, ಎಲ್ಲರಿಗಿಂತ ಜೋರಾಗಿ.

ಮೈ ಉರಿದದ್ದಕ್ಕೆ ಇನ್ನೊಂದು ಕಾರಣವಿತ್ತು. ಆ ನುಚ್ಚು ನಮ್ಮ ಅವ್ವನದು. ಕಾಲೇಜಿನ ದಿನಗಳಲ್ಲಿ ಗೆಳತಿ ಹಾಸ್ಟೆಲಿನಿಂದ ಕೆಲಗೇರಿಯ ನಮ್ಮ ಮನೆಗೆ ಬರುತ್ತಿದ್ದಳು. ಮುಖ ಸಪ್ಪಗೆ ಮಾಡಿಕೊಂಡು ಬಂದವರನ್ನು ಅವ್ವ ಏನಾಯಿತೆಂದು ಕೇಳುತ್ತಿರಲಿಲ್ಲ. ಬಿಸಿ ನುಚ್ಚು ಬಡಿಸಿ, ಸೌಟಿನ ಬೆನ್ನಿನಿಂದ ನಡುವೆ ಕುಣಿ ಮಾಡಿ, ತಣ್ಣನೆಯ ಮಜ್ಜಿಗೆ ಹಾಕುತ್ತಿದ್ದಳು. ತಾಟು ಖಾಲಿಯಾಗುವ ತನಕ ಅವರನ್ನು ಯಾರೂ ಮಾತಾಡಿಸುವಂತಿಲ್ಲ. ಅದು ನಮ್ಮ ಮನೆಯ ಕಟ್ಟಳೆ. ಕಾದಂಬರಿಯ ಮುದುಕಿಯೂ ಹಾಗೇ ಮಾಡುತ್ತಾಳೆ. ನನ್ನ ಅವ್ವನನ್ನು ನನಗಿಂತ ಮೊದಲು ಇನ್ನೊಬ್ಬಳು ಬರೆದುಬಿಟ್ಟಿದ್ದಳು.

ಅವ್ವನಿಗೆ ಈಗ ಕಣ್ಣು ಮಂದ. ಪುಸ್ತಕ ಓದಿ ಹೇಳುವವಳು ನಾನೇ. ನನ್ನದನ್ನು ಓದಿದರೆ ಎರಡನೇ ಪುಟಕ್ಕೇ ತೂಕಡಿಸುತ್ತಾಳೆ. ಒಮ್ಮೆಯಾದರೂ ಕೊನೆಯ ತನಕ ಎಚ್ಚರವಿದ್ದು ಛಲೋ ಆಗೇತಿ ಅಂದಾಳೆಂದು ಕಾಯುತ್ತಲೇ ಇದ್ದೇನೆ. ಗೆಳತಿಯ ಪುಸ್ತಕದ ಸುದ್ದಿಯನ್ನೇ ನಾನು ಎತ್ತಿರಲಿಲ್ಲ. ಪಕ್ಕದ ಮನೆಯವರು ಹೇಳಿಬಿಟ್ಟರು. ಓದಲೇಬೇಕಾಯಿತು. ಬೇಕೆಂದೇ ಗಡಿಬಿಡಿಯಲ್ಲಿ ಓದಿದೆ.

“ಸಾವಕಾಶ ಓದು. ಅಂವ ಉಣ್ಣಾಕತ್ತಾನ,” ಎಂದಳು ಅವ್ವ.

ರಾಕ್ಷಸ ಇನ್ನೊಮ್ಮೆ ಬಡಿಸಿಕೊಂಡ. ಅವ್ವ ಒಂದು ಸಲವೂ ತೂಕಡಿಸಲಿಲ್ಲ. ಪುಸ್ತಕ ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಆಕಿಗೆ ಫೋನ್ ಹಚ್ಚು,” ಎಂದಳು. ಹಚ್ಚಿಕೊಟ್ಟೆ.

“ಭಾಳ ಛಲೋ ಬರದೀ ಬಿಡವಾ. ಆದ್ರ ನನ್ನ ಇಷ್ಟು ಮುದುಕಿ ಮಾಡಬಾರದಿತ್ತು.”

ಆ ಕಡೆಯಿಂದ ಗೆಳತಿ ನಕ್ಕಳು. ಆಮೇಲೆ ನನ್ನ ಪುಸ್ತಕಗಳನ್ನು ಹೊಗಳಿದಳೆಂದು ಕಾಣುತ್ತದೆ. ಅವ್ವ ನನ್ನ ಕಡೆ ತಿರುಗಿ, ದನಿಯನ್ನೂ ತಗ್ಗಿಸದೆ ಫೋನಿನಲ್ಲಿ ಅವಳಿಗೆ ಹೇಳಿದಳು:

“ಹೌದವಾ, ಈಕೀನೂ ಛಲೋ ಬರೀತಾಳ. ಆದ್ರ ಈಕಿ ಪುಸ್ತಕದಾಗ ಯಾರಿಗೂ ಹಸಿವಿ ಆಗೂದ ಇಲ್ಲ ನೋಡು.”