ಕಣದಲ್ಲೊಂದು ಸ್ಟೇಷನ್

ಶಿಕಾರಿಪುರಕ್ಕೆ ರೈಲು ಬರಲಿಲ್ಲವೆಂದು ಜನ ಯಾರು ಯಾರನ್ನೋ ಬೈಯುವಾಗ ನಾನು ಎಲೆಯಡಿಕೆ ಉಗಿಯುವ ನೆವದಲ್ಲಿ ಮೆಲ್ಲಗೆ ಎದ್ದು ಹೊರಗೆ ಹೋಗುತ್ತೇನೆ. ಬಾಯಲ್ಲಿ ಎಲೆಯಡಿಕೆ ಇರುವುದಿಲ್ಲ, ಅದು ಬೇರೆ ಮಾತು. ನಮ್ಮ ಸ್ಟೇಷನ್ನಿನ ಗೂಟ ಕಿತ್ತವನು ನಾನು.

ರಾಜ್ಯ ಒಂದಾದ ಹೊಸತು. ಸೊರಬದ ಕಡೆಯಿಂದ ಸರ್ವೆಯವರು ಸರಪಳಿ ಎಳೆಯುತ್ತ, ಬಾವುಟ ನೆಡುತ್ತ ತೊಗರ್ಸಿ ರಸ್ತೆಗೆ ಬಂದರು. ನಮ್ಮ ದೊಡ್ಡವ್ವನ ಕಣದ ನಟ್ಟನಡುವೆ ಕೆಂಪು ಬಣ್ಣದ ಮರದ ಗೂಟ ಹೊಡೆದು, "ಇಲ್ಲೇ ನೋಡ್ರಮ್ಮ ಸ್ಟೇಷನ್ನು" ಎಂದು ಒಂದು ಚೊಂಬು ಮಜ್ಜಿಗೆ ಕುಡಿದು ಹೋದರು.

ದೊಡ್ಡವ್ವ ಹಿಗ್ಗಿದ್ದಕ್ಕೆ ಕಾರಣವಿತ್ತು. ಮಗಳು ಗಿರಿಜೆಯನ್ನು ಬೀರೂರಿಗೆ ಕೊಟ್ಟಿದ್ದಳು, ಅವಳೀಗ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಬೀಗಿತ್ತಿಯೋ, "ಆ ಬಸ್ಸಿನ ಕುಲುಕಾಟಕ್ಕೆ ಕಳ್ಸಲ್ಲ. ರೈಲಿದ್ರೆ ಮಾತು ಬೇರೆ" ಎಂದುಬಿಟ್ಟಿದ್ದರು. ದೊಡ್ಡವ್ವ ಅಟ್ಟದಿಂದ ತೊಟ್ಟಿಲು ಇಳಿಸಿ ಎಣ್ಣೆ ಹಚ್ಚಿದಳು. ಹೀರೆ ಬಳ್ಳಿಗೆ ಗೂಟ ನೆಟ್ಟ ಮೇಲೆ ಕಾಯಿ ಬರುವುದಿಲ್ಲವೇ? ರೈಲೂ ಹಾಗೆಯೇ ಎಂಬುದು ಅವಳ ಲೆಕ್ಕ.

ಅಷ್ಟರಲ್ಲಿ ಸುಗ್ಗಿ ಬಂತು. ಕಣಕ್ಕೆ ನಡುವಿನ ಕಂಬ, ಮೇಟಿ, ನೆಡಬೇಕು. ಅದರ ಸುತ್ತಲೇ ಎತ್ತು ತಿರುಗಬೇಕು. ಆ ಜಾಗದಲ್ಲಿ ಸ್ಟೇಷನ್ ಕೂತಿತ್ತು.

"ಒಂದು ಕಣಕ್ಕ ಎರಡು ಮೇಟಿ ಅಂದ್ರ ಒಂದು ಮನೀಗೆ ಇಬ್ರು ಯಜಮಾನ್ರು ಇದ್ದಂಗ. ರಾಶಿ ಪೂಜೆ ನಡಿಯಂಗಿಲ್ಲ. ತಮ್ಮಾ, ಅದನ್ನ ಸ್ವಲ್ಪ ಆಚೆ ಇಡು. ಸುಗ್ಗಿ ಮುಗಿದ ಮ್ಯಾಲೆ ನೆಟ್ಟರಾತು" ಎಂದಳು ದೊಡ್ಡವ್ವ.

"ರೈಲಿಗೆ ದಾರಿ ತಪ್ಪಿದ್ರೆ ದೊಡ್ಡವ್ವ?"

"ಎತ್ತಿಗೇ ಮನೆ ದಾರಿ ಗೊತ್ತಾಗ್ತೈತಿ. ಅಷ್ಟು ದೊಡ್ಡ ರೈಲಿಗೆ ಗೊತ್ತಾಗಲ್ಲೇನು?"

ಮಕ್ಕಳಿಗೆ ರೇಖಾಗಣಿತ ಹೇಳುವ ಮೇಷ್ಟ್ರು ನಾನು. ಒಂದು ಬಿಂದು ಕದಲಿದರೆ ರೇಖೆಯ ಗತಿಯೇನೆಂದು ಬಲ್ಲವನು. ಆದರೂ ಕಿತ್ತೆ. ದೊಡ್ಡವ್ವ ಗೂಟಕ್ಕೆ ಅರಿಶಿನ ಕುಂಕುಮ ಹಚ್ಚಿ ಹೊಂಗೆ ಮರದ ಬುಡದಲ್ಲಿ ಕೂರಿಸಿದಳು.

ಬಳ್ಳಿಗಾವಿಯ ಶಾಸನದ ಕಲ್ಲುಗಳು ಇಷ್ಟು ಶತಮಾನ ಹೇಗೆ ಉಳಿದವೆಂದು ಆಮೇಲೆ ಯೋಚಿಸಿದ್ದೇನೆ. ಅಳಿಸಿದವನಿಗೆ ಎಂಥೆಂಥ ಪಾಪ ಸುತ್ತುತ್ತದೆಂದು ಹಿರಿಯರು ಅವುಗಳ ಮೇಲೇ ಕೆತ್ತಿಸಿಟ್ಟಿದ್ದಾರೆ. ನಮ್ಮ ಗೂಟದ ಮೇಲಿದ್ದದ್ದು ಬರೀ ಒಂದು ನಂಬರು. ನಂಬರಿಗೆ ಯಾರು ಹೆದರುತ್ತಾರೆ?

ಸರ್ವೆಯವರು ಮತ್ತೆ ಬಂದಾಗ ಕಣದ ತುಂಬ ಹುಲ್ಲು. ಕಾಲಲ್ಲಿ ಕೆದಕಿದರು, ನಕ್ಷೆ ತಿರುಗಿಸಿ ನೋಡಿದರು. ನಾನು ಬಣವೆಯ ಹಿಂದಿದ್ದೆ. ಈಚೆ ಬಂದು ಒಂದು ಮಾತು ಹೇಳಬಹುದಿತ್ತು. ಬರಲಿಲ್ಲ. ಅವರು ಹೋದವರು ತಿರುಗಿ ಈ ಕಡೆ ತಲೆ ಹಾಕಲಿಲ್ಲ.

ಒಂದು ಗೂಟಕ್ಕಾಗಿ ಯಾರೂ ರೈಲು ನಿಲ್ಲಿಸುವುದಿಲ್ಲ. ನಿಲ್ಲದಿದ್ದರೂ ಗಿರಿಜೆಯ ದಿನ ತುಂಬುವುದರೊಳಗೆ ಅದು ಓಡುತ್ತಿರಲಿಲ್ಲ. ಇದೆಲ್ಲ ನನಗೂ ಗೊತ್ತು. ಆದರೆ ಬೀರೂರಿನಲ್ಲೇ ಹೆರಿಗೆಯಾಯಿತೆಂದು ಕಾಗದ ಬಂದ ದಿನ, ತೊಟ್ಟಿಲನ್ನು ಮತ್ತೆ ಅಟ್ಟಕ್ಕೇರಿಸಲು ದೊಡ್ಡವ್ವ ನನ್ನನ್ನೇ ಕರೆದಳು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಖಾಲಿ ತೊಟ್ಟಿಲು ಅಷ್ಟು ಭಾರವೆಂದು ನನಗೆ ಗೊತ್ತಿರಲಿಲ್ಲ.

ಸ್ಟೇಷನ್ನೇನೋ ಬೆಳೆಯಿತು. ಮೊದಲು ಆ ಜಾಗಕ್ಕೆ ಹೆಸರು ನಿಂತಿತು. ಹೆಸರಿಗೆ ಬಸ್ಸು ನಿಂತಿತು. ಬಸ್ಸಿಗೊಂದು ಸ್ಟೇಷನ್ ಹೋಟ್ಲು ಎದ್ದಿತು. "ಸ್ಟೇಷನ್ ಇಳೀರಿ" ಎಂದು ಕಂಡಕ್ಟರು ಕೂಗುವಾಗ ಯಾರೂ ನಗುವುದಿಲ್ಲ.

ನಕ್ಕವಳು ಒಬ್ಬಳೇ, ಗಿರಿಜೆಯ ಮಗಳು. ಐದು ವರ್ಷಕ್ಕೆ ಅಜ್ಜಿಯ ಊರಿಗೆ ಬಂದವಳು ಬಸ್ಸಿಳಿದು ಸುತ್ತ ನೋಡಿ ನಕ್ಕುಬಿಟ್ಟಳು. ಬೀರೂರಿನ ಹುಡುಗಿ, ಸ್ಟೇಷನ್ ಕಂಡವಳು.

"ಅಜ್ಜಿ, ರೈಲೆಲ್ಲಿ?"

"ನಿಮ್ಮ ಮಾವನ್ನ ಕೇಳವ್ವಾ" ಎಂದಳು ದೊಡ್ಡವ್ವ. ಇಷ್ಟು ವರ್ಷಕ್ಕೆ ಬೈದದ್ದು ಅಷ್ಟೇ.

ಕೈ ಹಿಡಿದು ಹೊಂಗೆ ಮರದ ಬುಡಕ್ಕೆ ಕರೆದೊಯ್ದು ಗೂಟ ತೋರಿಸಿದೆ. ಬಣ್ಣ ಹೋಗಿ ಅರಿಶಿನ ಉಳಿದಿತ್ತು. ಅವಳು ಮಂಡಿಯೂರಿ, ಅವರೂರ ಮಕ್ಕಳು ಹಳಿಗೆ ಕಿವಿಯಿಡುವ ಹಾಗೆ ಗೂಟಕ್ಕೆ ಕಿವಿಯಿಟ್ಟಳು.

"ಬರ್ತಾ ಇದೆಯೇನೇ?" ಎಂದೆ.

"ಶ್! ಇನ್ನೂ ದೂರ ಇದೆ ಮಾವ."

ದೂರ ಅಂದಳು. ಇಲ್ಲ ಅನ್ನಲಿಲ್ಲ.