ನೋಟ್ಸ್ ಇಲ್ಲದ ಹನ್ನೊಂದನೆಯ ತರಗತಿ

೨೦೧೨ರ ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಅಥಣಿ ಕಡೆಯ ಒಂದು ಪದವಿಪೂರ್ವ ಕಾಲೇಜು. ಕೋಣೆಯಲ್ಲಿ ಇದ್ದವರು ಪ್ರಾಚಾರ್ಯರು, ಅಲ್ಲಿನ ಇಂಗ್ಲಿಷ್ ಉಪನ್ಯಾಸಕರು, ಮತ್ತು ಚಿಕ್ಕೋಡಿಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾಗಿದ್ದ ನಾನು. ಹೊರಗಿನ ಬೆಂಚಿನ ಮೇಲೆ ಜುಗೂಳದ ಒಬ್ಬ ಹುಡುಗಿ ಮತ್ತು ಅವಳ ತಾಯಿ.

ಹುಡುಗಿ ಸೋದರಮಾವನ ಮನೆಯಲ್ಲಿದ್ದು ಮಹಾರಾಷ್ಟ್ರದ ಮಿರಜದಲ್ಲಿ ಹನ್ನೊಂದನೆಯ ತರಗತಿ ಪಾಸಾಗಿದ್ದಳು. ಮಾವನಿಗೆ ವರ್ಗವಾದ್ದರಿಂದ ಇಲ್ಲಿ ಎರಡನೆಯ ಪಿಯುಸಿಗೆ ಸೇರಬೇಕಿತ್ತು. ಅವಳು ಅಲ್ಲಿ ಓದಿದ ಇಂಗ್ಲಿಷ್ ನಮ್ಮದಕ್ಕೆ ಸಮವೇ ಎಂದು ಹೋಲಿಸಿ ಹೇಳುವುದು ನಮ್ಮ ಕೆಲಸ; ಅದಕ್ಕೇ ಪ್ರಾಚಾರ್ಯರು ನನ್ನನ್ನು ಕರೆಸಿದ್ದರು. ಸಮವಲ್ಲವೆಂದರೆ ಮೊದಲ ವರ್ಷವನ್ನು ಮತ್ತೆ ಓದಬೇಕು. ತಾಯಿ ನನ್ನನ್ನು ಬಾಗಿಲಲ್ಲೇ ತಡೆದು ಹೇಳಿದ್ದಳು: "ಈ ವರ್ಷ ವಾಯಾ ಹೋತಂದ್ರ ಅವರಪ್ಪ ಕಾಲೇಜ ಬಿಡಸಿ ಲಗ್ನಾ ಮಾಡ್ತಾನ್ರಿ ಸರ್."

ಉಪನ್ಯಾಸಕರು ಎರಡು ರಾಜ್ಯಗಳ ಪುಸ್ತಕಗಳ ಪರಿವಿಡಿ ತೆರೆದಿಟ್ಟು ಹೋಲಿಕೆ ಮುಗಿಸಿಬಿಟ್ಟಿದ್ದರು.

"ನಮ್ಮ ಪಾಠ ಒಂದೂ ಅದರಾಗ ಇಲ್ರಿ ಸರ್. ಮ್ಯಾಲ ಆಕಿ ಕಡೆ ನೋಟ್ಸೂ ಇಲ್ಲ."

ನನಗೆ ತಲೆ ಬಿಸಿಯಾಯಿತು. "ಪಾಠದ ಹೆಸರ ಹೊಂದಸಾಕ ನಾ ಯಾಕ ಬೇಕಿತ್ತ್ರಿ? ಪಂಚಾಂಗ ನೋಡಿ ಜೋಡಿ ಹೊಂದಸಾವ್ರನ್ನ ಕರೀಬೇಕಿತ್ತು!"

ಪ್ರಾಚಾರ್ಯರು ನಕ್ಕರು. ನಾನು ನಗಲಿಲ್ಲ. ನಮ್ಮಲ್ಲಿ ನೋಟ್ಸ್ ಬರೆಸುವುದೇ ಪಾಠ ಮಾಡುವುದು; ನೋಟ್ಸ್ ಇಲ್ಲದವಳು ಓದೇ ಇಲ್ಲ ಎಂದು ಉಪನ್ಯಾಸಕರು ಪ್ರಾಮಾಣಿಕವಾಗಿಯೇ ನಂಬಿದ್ದರು. ಮಹಾರಾಷ್ಟ್ರದ ಪಠ್ಯಕ್ರಮ ಮಕ್ಕಳಿಂದ ಸಾರಾಂಶ, ವರದಿ, ಪತ್ರ ಬರೆಸುತ್ತದೆ. ಕೇಂದ್ರದ ಸಿಬಿಎಸ್ಇ ಪಠ್ಯಕ್ರಮ ಎಂದೂ ಕಾಣದ ಗದ್ಯವನ್ನು ಕೊಟ್ಟು ಟಿಪ್ಪಣಿ ಮಾಡಿಸುತ್ತದೆ. ನಮ್ಮದರ ಮುನ್ನುಡಿಯಲ್ಲಿಯೂ ಅದೆಲ್ಲ ಇದೆ. ಆದರೆ ಮುನ್ನುಡಿಯನ್ನು ತರಗತಿಯಲ್ಲಿ ಯಾರು ತೆರೆಯುತ್ತಾರೆ?

ನಾನು ಚೀಲದಿಂದ, ಅವಳೂ ನಮ್ಮ ಮಕ್ಕಳೂ ಓದಿರದ ಕೇಂದ್ರದ ಪುಸ್ತಕ ತೆಗೆದು ಹುಡುಗಿಯನ್ನು ಕರೆಸಿದೆ. "ಈ ಪುಟಾ ಓದಿ ತಿಳಿದಷ್ಟು ಇಂಗ್ಲಿಷಿನಾಗ ಬರಿಯವ್ವಾ."

"ನೋಡಕೊಂಡ ಬರೀಲ್ರಿ?"

"ಪುಸ್ತಕಾ ಮುಚ್ಚಿ."

ಅವಳು ಬರೆದಳು. ಕಾಗುಣಿತ ಅಲ್ಲಲ್ಲಿ ತಪ್ಪಿತ್ತು. ವಾಕ್ಯಗಳು ಅವಳವೇ ಆಗಿದ್ದವು. "ಇದನ್ನ ನಿಮ್ಮ ಮೊದಲ ವರ್ಷದವರ ಕಡೆ ಬರಸ್ರಿ ನೋಡೂಣು" ಎಂದೆ. ಉಪನ್ಯಾಸಕರು ಫ್ಯಾನಿನ ಕಡೆ ನೋಡಿದರು.

ಪ್ರಾಚಾರ್ಯರು ಅವಳನ್ನು ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳಲು ಒಪ್ಪಿದರು. ಬಾಗಿಲಲ್ಲಿ ಬಂದು ನಿಂತಿದ್ದ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ, ಏಕೆಂದರೆ ಆಗಲೇ ಉಪನ್ಯಾಸಕರು ಕಪಾಟಿನಿಂದ ಎರಡನೆಯ ವರ್ಷದ ನೋಟ್ಸಿನ ಕಟ್ಟು ತಂದು ಹುಡುಗಿಗೆ ಕೊಟ್ಟರು. "ಝೆರಾಕ್ಸ್ ಮಾಡಸಿ ಬಾಯಿಪಾಠ ಮಾಡ ತಂಗಿ. ಪರೀಕ್ಷಾದಾಗ ಇದ ಬರತೈತಿ."

ಅವರು ಹೇಳಿದ್ದು ನಿಜವಾಗಿತ್ತು. ಹುಡುಗಿ ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮಧ್ಯಾಹ್ನ ಕೂತು ಮೂರೂ ಪಠ್ಯಕ್ರಮಗಳ ಹೋಲಿಕೆ ಬರೆದೆ. ನೋಟ್ಸ್ ಬರೆಸಿ ಬಾಯಿಪಾಠ ಮಾಡಿಸುವುದು ಪಾಠವಲ್ಲ ಎಂದು ಬೇರೆಯೇ ಒಂದು ಪುಟ ಬರೆದೆ. ಪ್ರಾಚಾರ್ಯರು ಅದು ಬೇಡವೆಂದರು, ನಾನು ತೆಗೆಯಲಿಲ್ಲ. ಸಹಿ ಮಾಡಿ ಗುಮಾಸ್ತರಿಗೆ ಕೊಟ್ಟೆ. ಹುಡುಗಿಯ ಹೆಸರನ್ನು ಅವರು ಹಾಜರಿ ಪುಸ್ತಕಕ್ಕೆ ಏರಿಸುವವರೆಗೂ ನಿಂತಿದ್ದು, ಚಿಕ್ಕೋಡಿ ಬಸ್ಸಿಗೆ ಹೊರಟೆ.