ರಾತ್ರಿಯ ಲೆಕ್ಕ

ನಮ್ಮಣ್ಣ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಲೋಡಿನ ಸರದಿಗಾಗಿ ಜಗಳವಾಗಿ, ಜೊತೆಯಲ್ಲೇ ದುಡಿಯುತ್ತಿದ್ದ ಕುರುಗೋಡಿನವನಿಗೆ ಚೀಲ ಎತ್ತುವ ಕೊಕ್ಕೆಯಿಂದ ಹೊಡೆದ. ಅವನ ಒಂದು ಕಣ್ಣು ಹೋಯಿತು. ಹೊಡೆದದ್ದು ಸುಳ್ಳಲ್ಲ, ನಾನು ಸುಳ್ಳೆನ್ನುವುದೂ ಇಲ್ಲ. ಆದರೆ ಏಳು ವರ್ಷ ಜೈಲೇ! ಅಣ್ಣನ ಮಗಳು ಇನ್ನೂ ಅಂಗನವಾಡಿಯಲ್ಲಿದ್ದಾಳೆ. ಶಿಕ್ಷೆ ಕಡಿಮೆ ಮಾಡಿಸಲು ಅಪೀಲು ಹಾಕಬೇಕು, ಗಡುವು ಮುಗಿಯುತ್ತಾ ಬಂತು, ಅವನ ಸಹಿ ಬೇಕೇ ಬೇಕು ಎಂದು ಬಳ್ಳಾರಿ ಗಾಂಧಿನಗರದ ವಕೀಲರು ಹೇಳಿ ಹೇಳಿ ಸಾಕಾದರು. ಅಣ್ಣ ಸಹಿ ಹಾಕಲೊಲ್ಲ.

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವಳು. ಆ ವಾರ ಮಷಿನ್ ಮುಂದೆ ಕೂತರೆ ಸೂಜಿ ಮುರಿದದ್ದೇ ಮುರಿದದ್ದು. ತಡೆಯಲಾಗದೆ ಅವ್ವನನ್ನು ಕಾಣಲು ಸಿರುಗುಪ್ಪಕ್ಕೆ ಹೊರಟೆ. ಬಸ್ಸು ಕುರುಗೋಡಿನಲ್ಲಿ ನಿಂತಷ್ಟು ಹೊತ್ತೂ ವೇಲನ್ನು ಮುಖಕ್ಕೆ ಎಳೆದುಕೊಂಡು ಕೂತಿದ್ದೆ. ಕಣ್ಣು ಹೋದವನು ಹತ್ತಿಬಿಟ್ಟರೆ ಯಾವ ಮುಖದಿಂದ ನೋಡಲಿ?

ಅವ್ವ ನಿರಾಳವಾಗಿ ಅಕ್ಕಿ ಆರಿಸುತ್ತಿದ್ದಳು.

“ಯಾಕಲೇ ಇಷ್ಟು ಒದ್ದಾಡ್ತೀ? ಜೈಲಿನಾಗ ಹಗಲೊಂದು ದಿನ, ರಾತ್ರಿಯೊಂದು ದಿನ. ಏಳು ಅಂದ್ರ ಮೂರೂವರಿ. ಅಪೀಲು ಗಿಪೀಲು ಅಂತ ಸಾಹೇಬ್ರಿಗೆ ಸಿಟ್ಟು ಬರಿಸಿದ್ರ ಅದೂ ಹೋಗತೈತಿ. ಸಹಿ ಹಾಕಬ್ಯಾಡ ಅಂತ ನಾನ ಅವಗ ಹೇಳೀನಿ.”

“ಯಾರು ಹೇಳಿದ್ರು ನಿನಗ?”

“ಯಾರ ಹೇಳಬೇಕು? ಎಲ್ಲಾರಿಗೂ ಗೊತ್ತೈತಿ.”

ನನ್ನ ಮೈಯೆಲ್ಲ ಉರಿದುಹೋಯಿತು. ಅಲ್ಲಿಂದಲೇ ವಕೀಲರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕೇಳಿದೆ. “ಇಲ್ಲಮ್ಮಾ, ಹಗಲೂ ರಾತ್ರಿ ಸೇರಿ ಒಂದ ದಿನ,” ಎಂದರು. ಅವ್ವನ ಕೈ ಮೊರದಲ್ಲೇ ನಿಂತಿತು.

ಮರುದಿನ ಜೈಲಿನ ಜಾಲರಿಯಾಚೆ ಅಣ್ಣ ನಗುತ್ತಲೇ ಬಂದ. “ತಿಂಗಳು ಕಳದ್ವಿ ಅಂದ್ರ ಎರಡು ಕಳದಂಗ, ತಂಗಿ. ಮಗಳು ದೊಡ್ಡ ಸಾಲಿಗೆ ಹೋಗೋದ್ರಾಗ ಬಂದಬಿಡ್ತೀನಿ,” ಎಂದ.

ಅಯ್ಯೋ, ಆ ನಗುವನ್ನು ಕಿತ್ತುಕೊಳ್ಳುವ ಪಾಪ ನನಗೇ ಬರಬೇಕಿತ್ತೇ? ಆದರೂ ಹೇಳಿದೆ. ಅವನು ಮೊದಲು ನಂಬಲಿಲ್ಲ. ಪಕ್ಕದಲ್ಲಿದ್ದ ಪೊಲೀಸನ ಕಡೆ ನೋಡಿದ. ಅವನೂ ಹೌದೆಂದು ತಲೆಯಾಡಿಸಿದ.

ಅಣ್ಣ ಅಪೀಲಿನ ವಕಾಲತ್ತಿಗೆ ಸಹಿ ಹಾಕಿದ. ಕಾಗದ ನನ್ನ ಕೈಗೆ ಬಂದರೂ ಅವನು ಒಳಗೆ ಹೋಗಲಿಲ್ಲ, ಜಾಲರಿ ಹಿಡಿದುಕೊಂಡೇ ನಿಂತಿದ್ದ.

“ನಿದ್ದಿ ಬರಲಾರದಾಗೆಲ್ಲಾ, ಇರಲಿ ಬಿಡು, ಇದೂ ಒಂದು ದಿನ ಕಡಿಮಿ ಆತು ಅಂತ ಗ್ವಾಡಿಗೆ ಬೆನ್ನು ಹಚ್ಚಿ ಕುಂತು ಕಳದೀನಿ,” ಎಂದ. “ಹಂಗಾರ ನನ್ನ ರಾತ್ರಿ ಎಲ್ಲಾ ಎಲ್ಲಿ ಹೋದ್ವು, ತಂಗಿ?”